ಕೆಂಪು ಕಂಪನಿ, ಕರಿ ಕಂಪನಿ

ಇವತ್ತು ಮುಂಜಾನೆ ರೋಣದ ಬಸ್ ನಿಲ್ದಾಣದಲ್ಲಿ ಕುಳಿತು ಗಜೇಂದ್ರಗಡದ ಎರಡು ಬಸ್ಸುಗಳನ್ನು ಬಿಟ್ಟುಕೊಟ್ಟೆ. ಎರಡರಲ್ಲೂ ಸೀಟು ಖಾಲಿ ಇದ್ದವು, ಕಂಡಕ್ಟರು ಕೂಗಿಯೂ ಕೂಗಿದ. ನಾನು ಇನ್ಯಾರಿಗೋ ಕಾಯುತ್ತಿರುವವನಂತೆ ಮುಖ ಮಾಡಿಕೊಂಡು ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಸವಡಿಯ ಹೆಣ್ಣುಮಗಳೊಬ್ಬಳು ಚೀಲದಿಂದ ಹೊಸ ಕೈಮಗ್ಗದ ಸೀರೆ ತೆಗೆದು ತನ್ನ ಅಕ್ಕನಿಗೆ ತೋರಿಸತೊಡಗಿದಳು. ಮಡಿಕೆ ಬಿಚ್ಚಿದೊಡನೆ ನೂಲಿಗೆ ಹಾಕಿದ ಗಂಜಿಯ ವಾಸನೆ ನನ್ನವರೆಗೂ ಬಂತು. ಯಾವ ಮನೆಗೆ ಹೋಗಬೇಕೆಂದು ಹೊರಟು, ಹೋಗಲಾರದೆ ಕುಳಿತಿದ್ದೆನೋ ಆ ಮನೆಯ ವಾಸನೆಯೇ ಅದು. ಅಂಜಿ ಕುಳಿತವನನ್ನು ಹುಡುಕಿಕೊಂಡು ಬಂದ ಹಾಗಾಯಿತು.

ಆ ಮನೆ ಈರಣ್ಣನದು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವನದು ಸಣ್ಣ ಬಾಗಿಲಿನ ಮನೆ. ಒಳಗೆ ಹೋದರೆ ಎಡಕ್ಕೆ ಮಗ್ಗದ ಕೋಣೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು ಅವನು ಸೀರೆ ನೇಯುತ್ತಾನೆ. ಅಮಾವಾಸ್ಯೆಯ ದಿನ ಮಾತ್ರ ಮಗ್ಗ ಮುಟ್ಟುವುದಿಲ್ಲ. ಆ ಓಣಿಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ತಿಂಗಳಿಗೊಂದು ದಿನ ಆ ಕೋಣೆಯಲ್ಲಿ ಮಾತಾಡಿದ್ದು ಕೇಳಿಸುತ್ತದೆ. ಆ ದಿನ ಮಧ್ಯಾಹ್ನ ನಾವು ಮೂವರು ಅಲ್ಲಿ ಸೇರುತ್ತಿದ್ದೆವು: ಈರಣ್ಣ, ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮೌಲಾಸಾಬ, ಮತ್ತು ಸರಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟನಾಗಿದ್ದ ನಾನು. ನಿವೃತ್ತನಾಗಿ ರೋಣಕ್ಕೆ ಬಂದು ನೆಲೆಸಿದ ಮೇಲೂ ನಾನು ಅಮಾವಾಸ್ಯೆ ತಪ್ಪಿಸಿದವನಲ್ಲ. ಹೆಂಡತಿ ಇದನ್ನು ನನ್ನ ವ್ರತ ಎಂದು ಹಾಸ್ಯ ಮಾಡುತ್ತಾಳೆ.

ನಾವು ಸೇರುತ್ತಿದ್ದುದು ಜಗಳಾಡುವುದಕ್ಕೆ. ಯಾವುದರ ಮೇಲೆ ಜಗಳ ಎಂದರೆ ನೀವು ನಗುತ್ತೀರಿ. ಗುಡ್ಡದ ಮೇಲೆ ಗಾಳಿ ಗಿರಣಿ ನಿಲ್ಲಿಸಲು ಬಂದಿದ್ದ ಪರವೂರಿನ ಎಂಜಿನಿಯರನೊಬ್ಬ ಮೌಲಾಸಾಬನ ಅಂಗಡಿಯಲ್ಲಿ ಒಂದು ಟೇಪ್ ರೆಕಾರ್ಡರು ರಿಪೇರಿಗೆ ಕೊಟ್ಟು, ತಿರುಗಿ ಬರಲೇ ಇಲ್ಲ. ಅದರ ಜೊತೆಗಿದ್ದ ಚೀಲದಲ್ಲಿ ಎರಡು ಕ್ಯಾಸೆಟ್ಟುಗಳಿದ್ದವು, ಒಂದು ಕೆಂಪು, ಒಂದು ಕರಿ. ಎರಡರಲ್ಲೂ ಇಂಗ್ಲಿಷ್ ಹಾಡು. ಉದ್ದ ಕೂದಲು ಬಿಟ್ಟ ನಾಲ್ಕು ನಾಲ್ಕು ಜನ ಗಿಟಾರು ಹಿಡಿದು, ಡ್ರಮ್ಮು ಬಡಿದು, ಗಂಟಲು ಹರಿಯುವಂತೆ ಹಾಡುವ ಹಳೆಯ ರಾಕ್ ತಂಡಗಳು. ಹೆಸರುಗಳನ್ನು ಚೀಟಿಯ ಮೇಲೆ ಬರೆದಿತ್ತು, ಆದರೆ ನಮ್ಮ ನಾಲಿಗೆಗೆ ಅವು ಹೊರಳಲಿಲ್ಲ. ನಾಟಕ ಕಂಪನಿ ನೋಡಿ ಬೆಳೆದವರು ನಾವು. ಒಂದನ್ನು ಕೆಂಪು ಕಂಪನಿ, ಇನ್ನೊಂದನ್ನು ಕರಿ ಕಂಪನಿ ಎಂದು ಕರೆದೆವು.

ಈರಣ್ಣ ಕೆಂಪು ಕಂಪನಿಯ ಕಡೆಗಾದ. ಡ್ರಮ್ಮು ಬಾರಿಸುವವನ ಕೈ ಸಮ ಎಂಬುದು ಅವನ ಮೊದಲ ವಾದ. ಮಗ್ಗದ ಹಲಗೆ ಬಡಿಯುವವನಿಗೆ ಏಟಿನ ಬೆಲೆ ಗೊತ್ತು, ಏಟು ಹೆಚ್ಚುಕಡಿಮೆಯಾದರೆ ಬಟ್ಟೆಯಲ್ಲಿ ಕಾಣುತ್ತದೆ ಎನ್ನುತ್ತಿದ್ದ. ಒಮ್ಮೆ ಅಮಾವಾಸ್ಯೆಯ ಮುನ್ನಾದಿನ ಕರಿ ಕ್ಯಾಸೆಟ್ಟು ಹಚ್ಚಿಕೊಂಡು ಒಂದು ಗೇಣು ನೇಯ್ದಿಟ್ಟು, ಮರುದಿನ ಎಲ್ಲೆಲ್ಲಿ ನೂಲು ಸಡಿಲಾಗಿದೆ ಎಂದು ಬೆಳಕಿಗೆ ಹಿಡಿದು ತೋರಿಸಿದ್ದ. ಮೌಲಾಸಾಬ ಅದನ್ನು ಒಪ್ಪುವವನಲ್ಲ. ಅವನಿಗೆ ತಂತಿಯೇ ಮುಖ್ಯ. ಕರಿ ಕಂಪನಿಯ ಗಿಟಾರಿನವನು ತಂತಿಯನ್ನು ಕಾಯಿಸುತ್ತಾನೆ, ನಿಮ್ಮವನು ಬರೀ ಕೆರೆಯುತ್ತಾನೆ ಎಂದು ವಾದಿಸುತ್ತಿದ್ದ. ಮೊದಮೊದಲು ಓಣಿಯವರೂ ಬಂದು ಎರಡು ಪಾರ್ಟಿಯಾಗುತ್ತಿದ್ದರು. ಮುಶಿಗೇರಿಯಿಂದ ಬಂದ ಬೀಗನೊಬ್ಬ ಎರಡನ್ನೂ ಕೇಳಿ, ಯಾರಿಗೆ ಏನಾಗಿದೆ ಎಂದು ಗಾಬರಿಯಿಂದ ವಿಚಾರಿಸಿದ್ದುಂಟು. ವರ್ಷ ಕಳೆದಂತೆ ಉಳಿದವರು ಜಾರಿಕೊಂಡರು, ನಾವು ಮೂವರೇ ಉಳಿದೆವು.

ನಾನು ಪಂಚ. ನರಗುಂದದಲ್ಲಿ ಎರಡು ವರ್ಷ ಕಾಲೇಜು ಓದಿ, ಎರಡು ಸಲವೂ ಇಂಗ್ಲಿಷಿನಲ್ಲೇ ಬಿದ್ದು ಬಂದವನು. ಬಿದ್ದ ಸುದ್ದಿ ಓಣಿಗೆ ತಿಳಿದಿರಲಿಲ್ಲ, ಓದಿದ ಸುದ್ದಿ ಮಾತ್ರ ತಿಳಿದಿತ್ತು. ಮೇಲಾಗಿ ದಿನವಿಡೀ ಇಂಗ್ಲಿಷ್ ಟೈಪು ಮಾಡುವವನು. ನನಗೆ ಅಕ್ಷರ ಗೊತ್ತಿತ್ತು, ಅರ್ಥ ಸಾಹೇಬರಿಗೆ ಸೇರಿದ್ದಾಗಿತ್ತು. ಆದರೂ ಹಾಡಿನ ಅರ್ಥ ಹೇಳು ಎಂದು ಇಬ್ಬರೂ ನನ್ನ ಮುಖ ನೋಡಿದಾಗ, ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಕಣ್ಣು ಮುಚ್ಚಿ ಕೇಳಿದಂತೆ ಮಾಡಿ, ಇವನು ಮಳೆಗೆ ಹಾಡುತ್ತಾನೆ, ಇವನು ಕುದುರೆ ಕಳಕೊಂಡಿದ್ದಾನೆ ಎಂದು ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ. ಅದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಒಂದು ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಈರಣ್ಣನ ಮಗಳು ಕಸ್ತೂರಿ ಜ್ವರದಿಂದ ತೀರಿಕೊಂಡಳು. ಒಂಬತ್ತು ವರ್ಷ. ಬೆಳಿಗ್ಗೆ ದವಾಖಾನೆಗೆ ಹೊತ್ತುಕೊಂಡು ಹೋದವನು ಮಧ್ಯಾಹ್ನ ಹಾಗೆಯೇ ಹೊತ್ತುಕೊಂಡು ಬಂದ. ಅವನು ಅಳಲಿಲ್ಲ. ಮಣ್ಣು ಮಾಡಿ ಬಂದು ಮೂರನೆಯ ದಿನ ಮಗ್ಗಕ್ಕೆ ಕುಳಿತ. ಹೆಂಡತಿ ಗಂಗವ್ವ ಮಾತಾಡಿಸಿದರೆ ಹೂಂ ಎನ್ನುವುದೂ ನಿಂತಿತು. ಎರಡು ಅಮಾವಾಸ್ಯೆ ನಾವು ಹೋಗಿ ಸುಮ್ಮನೆ ಕುಳಿತು ಎದ್ದು ಬಂದೆವು. ಮೂರನೆಯದಕ್ಕೆ ಮೌಲಾಸಾಬನೇ ಟೇಪು ತಂದು, ತನ್ನದನ್ನು ಬಿಟ್ಟು ಕೆಂಪು ಕ್ಯಾಸೆಟ್ಟು ಹಚ್ಚಿದ. ಅದರಲ್ಲೊಂದು ನಿಧಾನದ ಹಾಡಿತ್ತು. ಅದು ಅರ್ಧ ಆಗುವಾಗ ಈರಣ್ಣ ತಲೆ ಎತ್ತಿದ.

“ಇದರಾಗ ಅಂವಾ ಏನ್ ಹೇಳಾಕತ್ತಾನ?”

ನನಗೆ ಒಂದು ಶಬ್ದವೂ ತಿಳಿದಿರಲಿಲ್ಲ. ಆದರೆ ಅವನ ಮುಖ ನೋಡಿ ಹೇಳಿದೆ. ಇವನ ಮಗಳು ಸತ್ತಿದ್ದಾಳೆ, ಬಾಗಿಲಲ್ಲಿ ನಿಂತು ಕರೆಯುತ್ತಾನೆ. ಸಂಜೆಯಾಯಿತು ಬಾ, ರೊಟ್ಟಿ ಆರಿತು ಬಾ, ನಿನ್ನ ಚಪ್ಪಲಿ ಅಂಗಳದಲ್ಲಿ ಹಾಗೆಯೇ ಇವೆ ಎನ್ನುತ್ತಾನೆ ಎಂದೆ. ಕೊನೆಗೆ ಒಂದು ಸಾಲು ಉಳಿಯಿತು. ಅಲ್ಲಿ ನನ್ನ ಕಲ್ಪನೆ ಸೋತು, ಅದೊಂದು ಸಾಲು ಹಿಡಿಯಲಾಗುತ್ತಿಲ್ಲ ಎಂದುಬಿಟ್ಟೆ. ಅಷ್ಟರಲ್ಲಿ ಈರಣ್ಣ ಅಳತೊಡಗಿದ್ದ. ಒಳಗಿದ್ದ ಗಂಗವ್ವ ಓಡಿ ಬಂದು ಬಾಗಿಲಲ್ಲೇ ಕುಸಿದು ಕುಳಿತಳು. ಗಂಡ ಕೊನೆಗೂ ಅತ್ತ ಎಂಬ ಸಮಾಧಾನಕ್ಕೆ ಅವಳೂ ಅತ್ತಳು. ಅಂಥ ಹೊತ್ತಿನಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ, ನೀವೇ ಹೇಳಿ. ನಾನು ಒಳ್ಳೆಯದನ್ನೇ ಮಾಡಿದೆನೆಂದು ಆ ದಿನ ಮನೆಗೆ ಹೋಗುವಾಗ ನನಗೆ ಹೆಮ್ಮೆಯೂ ಆಗಿತ್ತು.

ಅಲ್ಲಿಂದ ಮುಂದೆ ವಾದ ವಾದವಾಗಿ ಉಳಿಯಲಿಲ್ಲ. ಡ್ರಮ್ಮಿನ ಏಟು, ನೂಲಿನ ಸಡಿಲು ಎಲ್ಲ ಹಿಂದೆ ಬಿತ್ತು. ಮೌಲಾಸಾಬ ತಂತಿಯ ಮಾತೆತ್ತಿದರೆ ಈರಣ್ಣನದು ಒಂದೇ ಉತ್ತರ: “ನಿಮ್ಮವರು ಬರೇ ಒದರತಾರ, ನಮ್ಮವರು ಅಳತಾರ.” ಮೌಲಾಸಾಬ ಅದಕ್ಕೆ ಏನು ಹೇಳಿಯಾನು? ಪ್ರತಿ ತಿಂಗಳೂ ಸೋತು ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಅವನ ಕಂಪನಿಗೆ ನಾನು ಮಳೆ, ಕುದುರೆ ಕೊಟ್ಟಿದ್ದೆ, ಇವನದಕ್ಕೆ ಸತ್ತ ಮಗಳನ್ನು ಕೊಟ್ಟಿದ್ದೆ. ಅನ್ಯಾಯದ ಪಂಚಾಯತಿ. ಈರಣ್ಣ ಮಾತ್ರ ವರ್ಷಕ್ಕೆ ಒಂದೆರಡು ಸಲ ಆ ಬಿಟ್ಟ ಸಾಲು ಕೇಳುತ್ತಿದ್ದ. ಈಗಲಾದರೂ ಹಿಡಿಯಿತೇ ಎಂದು ಕೇಳುವನು. ಟೇಪು ಸವೆದಿದೆ, ಗಾಯಕನ ಉಚ್ಚಾರ ಸರಿಯಿಲ್ಲ ಎಂದು ನಾನು ಏನೋ ಒಂದು ಹೇಳಿ ಪಾರಾಗುತ್ತಿದ್ದೆ.

ಈಗ ಮೌಲಾಸಾಬ ರೇಡಿಯೋ ಬಿಟ್ಟು ಮೊಬೈಲು ರಿಪೇರಿ ಮಾಡುತ್ತಾನೆ. ಹಾಡು ಕೇಳಿಸಿದರೆ ಸಾಕು, ಅದರ ಸಾಹಿತ್ಯವನ್ನೂ ಕನ್ನಡದ ಅರ್ಥವನ್ನೂ ಮೊಬೈಲು ತೋರಿಸುತ್ತದೆ ಎಂದು ಈರಣ್ಣನಿಗೆ ಯಾರೋ ಹೇಳಿದ್ದಾರೆ. ಆ ಒಂದು ಸಾಲು ನೋಡಿ ಹೇಳು ಎಂದು ಅವನು ಮೌಲಾಸಾಬನಿಗೆ ಗಂಟುಬಿದ್ದ. ಮೌಲಾಸಾಬ ನೋಡಿದ. ನೋಡಿ, ಈರಣ್ಣನ ಮನೆಗೆ ಹೋಗದೆ ನೇರ ರೋಣಕ್ಕೆ ನನ್ನ ಮನೆಗೆ ಬಂದ. ಚಹಾ ಬೇಡವೆಂದ. ಮೊಬೈಲನ್ನು ನನ್ನ ಮುಂದಿಟ್ಟ.

ಅದು ಒಬ್ಬ ಮನುಷ್ಯ ತನ್ನ ಹಳೆಯ ಮೋಟಾರು ಮಾರುವಾಗ ಹಾಡುವ ಹಾಡು. ಗಾಲಿ ಸವೆದಿದೆ, ದೀಪ ಹತ್ತುವುದಿಲ್ಲ, ಆದರೂ ಎಷ್ಟು ದಾರಿ ತಿರುಗಿದೆವು ಎನ್ನುತ್ತಾನೆ. ಮಗಳಿಲ್ಲ, ಬಾಗಿಲಿಲ್ಲ, ಚಪ್ಪಲಿಯಿಲ್ಲ. ನಾನು ಎರಡು ಸಲ ಓದಿದೆ. ಮೌಲಾಸಾಬ ಬೈಯಲಿ ಎಂದು ಕಾದೆ. ಇಷ್ಟು ವರ್ಷ ಅವನನ್ನು ಸೋಲಿಸಿದ್ದು ನಾನಲ್ಲವೇ?

“ನಾ ಸೋತದ್ದಕ್ಕ ಏನೂ ಅನ್ನಂಗಿಲ್ಲಪಾ,” ಎಂದ ಮೌಲಾಸಾಬ. “ಇನ್ನೂ ಬೇಕಾದ್ರ ಸೋಲತೇನಿ. ಆದ್ರ ಆ ಸಾಲ ಅಂವಾ ನನ್ನ ಕೇಳಾಕತ್ತಾನ. ಅದನ್ನ ನಾ ಹ್ಯಾಂಗ ಹುಟ್ಟಿಸ್ಲಿ?”

ಅದನ್ನೂ ನಾನೇ ಹುಟ್ಟಿಸಬಹುದಿತ್ತು. ಮೌಲಾಸಾಬ ಅದಕ್ಕೇ ಬಂದಿದ್ದನೋ ಏನೋ. ಒಂದು ಸಾಲು ತಾನೇ, ಆ ಕೋಣೆಯಲ್ಲಿ ಅಷ್ಟೊಂದು ಹೇಳಿದವನಿಗೆ ಏನು ಕಷ್ಟ? ಅವನು ಹೋದ ಮೇಲೆ ಕುಳಿತು ಪ್ರಯತ್ನಿಸಿದೆ. ಬರಲಿಲ್ಲ. ಸತ್ತ ಹುಡುಗಿಯ ಹೆಸರಿನಲ್ಲಿ ಇನ್ನೂ ಒಂದು ಸುಳ್ಳು ಬರೆಯಲು ಕುಳಿತಿದ್ದೇನೆ ಎಂದು ನನಗೇ ಅಸಹ್ಯವಾಯಿತು.

ಹೋದ ಅಮಾವಾಸ್ಯೆ ಈರಣ್ಣ ಬಾಗಿಲಲ್ಲೇ ಕಾದಿದ್ದ. ಸಾಲು ಸಿಕ್ಕಿತೇ ಎಂದ. ಮೌಲಾಸಾಬ ಅದನ್ನು ಕೇಳದವನಂತೆ ಟೇಪು ಒರೆಸುತ್ತ, ಇಷ್ಟು ವರ್ಷ ಸುಮ್ಮನೆ ಜಗಳಾಡಿದೆ, ಕೆಂಪು ಕಂಪನಿಯೇ ದೊಡ್ಡದು, ಇನ್ನು ಬಿಟ್ಟುಬಿಡು ಎಂದ. ಮಾತು ಬೇರೆ ಕಡೆ ತಿರುಗಲಿ ಎಂದು ಹಾಗೆ ಹೇಳಿದ್ದು. ಈರಣ್ಣ ಹಿಗ್ಗುತ್ತಾನೆಂದು ನಾವಿಬ್ಬರೂ ತಿಳಿದಿದ್ದೆವು. ಅವನು ಮಂಕಾದ. ಹಾಡು ಹಚ್ಚಬೇಡ ಎಂದ. ಎದುರಾಳಿ ಇಲ್ಲದ ಆ ಮಧ್ಯಾಹ್ನ ಮುಗಿಯುವಂತೆಯೇ ಇರಲಿಲ್ಲ. ಮಳೆ, ಬೆಳೆ, ಲಕ್ಕಲಕಟ್ಟಿಯ ಯಾರದೋ ಮದುವೆ ಎಂದು ಏನೇನೋ ಮಾತಾಡಿದೆವು. ಹೊರಡುವಾಗ ಈರಣ್ಣ ನನ್ನ ಕೈ ಹಿಡಿದು ನಿಲ್ಲಿಸಿದ.

“ಮೌಲಾ ನನ್ನ ಮ್ಯಾಲೆ ಕರುಣಾ ಮಾಡಾಕತ್ತಾನ. ಯಾಕಂತ ಗೊತ್ತಾಗವಲ್ದು. ಮುಂದಿನ ಅಮಾಸಿಗೆ ನೀ ಖರೇ ಹೇಳ.”

ಆ ಮುಂದಿನ ಅಮಾವಾಸ್ಯೆ ಇವತ್ತು. ಸೀರೆಯ ಹೆಣ್ಣುಮಗಳು ಎದ್ದು ಹೋದಳು, ಮೂರನೆಯ ಬಸ್ಸು ಬಂತು, ನಾನು ಹತ್ತಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ನಿನ್ನ ಸಂಕಟ ನೋಡಲಾರದೆ ಹೇಳಿದೆ ಎಂದು ಶುರು ಮಾಡಬೇಕು, ಕ್ಷಮಿಸು ಎಂದು ಮುಗಿಸಬೇಕು. ಈರಣ್ಣ ಒಬ್ಬನೇ ಮಗ್ಗದ ಕೋಣೆಯಲ್ಲಿ ಕುಳಿತಿದ್ದ. ಅವನ ಮುಂದೆ ಬಾಯಿಪಾಠ ಎಲ್ಲ ಮರೆತುಹೋಯಿತು. ಅದು ಮೋಟಾರಿನ ಹಾಡು ಈರಣ್ಣ, ಉಳಿದದ್ದೆಲ್ಲ ನಾನು ಕಟ್ಟಿ ಹೇಳಿದ್ದು ಎಂದೆ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದೂ ಹೇಳಿದೆ.

ಅವನು ಬೈಯಲಿಲ್ಲ. ಸಿಟ್ಟಿನಿಂದ ನೋಡಲೂ ಇಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಅಂಚನ್ನು ಬೆರಳಿನಿಂದ ಸವರಿದ. ಒಳಗೆ ಗಂಗವ್ವ ಪಾತ್ರೆ ತೊಳೆಯುವುದು ಕೇಳುತ್ತಿತ್ತು. ಅವಳಿಗೆ ಕೇಳಿಸದಿರಲೆಂದೋ ಏನೋ, ಅವನು ಮೆಲ್ಲಗೆ ಮಾತಾಡಿದ.

“ಹಂಗಾರ ನನ್ನ ಕಸ್ತೂರಿ ಸಲುವಾಗಿ ಯಾರೂ ಹಾಡೇ ಇಲ್ಲ.”

ಹದಿನೈದು ವರ್ಷ ಅವನು ಒಂದು ಹಾಡನ್ನಲ್ಲ, ಎಲ್ಲಿಯೋ ದೂರದಲ್ಲಿ ತನ್ನಂಥವನೇ ಇನ್ನೊಬ್ಬ ಇದ್ದಾನೆ ಎಂಬುದನ್ನು ಕೇಳುತ್ತಿದ್ದ. ಆ ಇನ್ನೊಬ್ಬನನ್ನು ಕೊಟ್ಟವನೂ ನಾನು, ಇವತ್ತು ಕಿತ್ತುಕೊಂಡವನೂ ನಾನು. ಖರೇ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಗುರಾಗಲಿಲ್ಲ.

ಅಷ್ಟರಲ್ಲಿ ಮೌಲಾಸಾಬ ಟೇಪು ಕಂಕುಳಲ್ಲಿಟ್ಟುಕೊಂಡು ಬಂದ. ಒಳಗೆ ಕಾಲಿಟ್ಟವನೇ ನಮ್ಮಿಬ್ಬರ ಮುಖ ನೋಡಿದ, ಅವನಿಗೆ ತಿಳಿಯಿತು. ಚೀಲ ಕೆಳಗಿಟ್ಟು, ರೂಢಿಯಂತೆ ಕೆಂಪು ಕ್ಯಾಸೆಟ್ಟಿಗೆ ಕೈ ಹಾಕಿದ.

“ನಿಂದ ಹಚ್ಚೋ ಮೌಲಾ,” ಎಂದ ಈರಣ್ಣ. “ನಿಮ್ಮವರೇ ದೊಡ್ಡವರು.”

ಇಷ್ಟು ವರ್ಷ ಈ ಮಾತಿಗಾಗಿ ಕಾದಿದ್ದ ಮನುಷ್ಯ ಮೌಲಾಸಾಬ. ಅವನು ಕರಿ ಕ್ಯಾಸೆಟ್ಟನ್ನು ಟೇಪಿನೊಳಗೆ ಹಾಕಿದ, ಮುಚ್ಚಳ ಮುಚ್ಚಿದ, ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲು ಅವನಿಂದಾಗಲಿಲ್ಲ. ಕೊನೆಗೆ ಈರಣ್ಣನೇ ಕೈ ಚಾಚಿ ಒತ್ತಿದ.