ಆರಕ್ಕೆ ಆರೂ ಜನರನ್ನು ಬದುಕಿಸಿದ ದಾವಲಣ್ಣ

ಇಲ್ಲ... ಇನ್ನೂ ನಂಬಲಾಗುತ್ತಿಲ್ಲ ಸ್ನೇಹಿತರೇ.
ಬೆಳಿಗ್ಗೆ ಗೋವಾದ ಪರ್ವರಿಯಿಂದ ದಾವಲಣ್ಣನ ಮಗಳ ಫೋನ್.
"ಕಾಕಾ... ಅಬ್ಬಾ ಹೋಗಿಬಿಟ್ರು ರೀ..."
ಮೊನ್ನೆಯಷ್ಟೇ ವಿಡಿಯೋ ಕಾಲ್‌ನಲ್ಲಿ ನನ್ನ ಹೊಟ್ಟೆ ನೋಡಿ ನಕ್ಕಿದ್ದ ಮನುಷ್ಯ!

ಸೇನೆಯಲ್ಲಿ ದಾವಲಣ್ಣ ನರ್ಸಿಂಗ್ ಹವಾಲ್ದಾರ್.
ನಾನು ಅವರ ಆಂಬುಲೆನ್ಸ್ ಡ್ರೈವರ್.
ಇಬ್ಬರೂ ಧಾರವಾಡದ ಕಡೆಯವರು... ಪೋಸ್ಟಿಂಗ್ ಗೋವಾದಲ್ಲಿ.

ತೊಂಬತ್ತರ ದಶಕದ ಆರಂಭ.
ಒಂದು ಮಧ್ಯಾಹ್ನ ಫೋಂಡಾದ ಆಚೆ, ಗೇರುಮರಗಳ ಗುಡ್ಡದ ಮೇಲೆ ಸೇನೆಯ ಸಣ್ಣ ವಿಮಾನ ಬಿತ್ತು.
ಒಳಗೆ ಆರು ಜನ.
ಮೊದಲು ತಲುಪಿದ್ದು ನಮ್ಮ ಗಾಡಿ.
ಇಂಧನ ಸೋರುತ್ತಿತ್ತು... ವಾಸನೆಗೆ ಕಣ್ಣು ಉರಿಯುತ್ತಿತ್ತು.
ನನ್ನ ಕಾಲು ಮುಂದೆ ಹೋಗಲಿಲ್ಲ. ಒಪ್ಪಿಕೊಳ್ಳುತ್ತೇನೆ.

ದಾವಲಣ್ಣ ಒಂದು ಕ್ಷಣವೂ ನಿಲ್ಲಲಿಲ್ಲ.
ಒಳಗೆ ನುಗ್ಗಿ ಒಬ್ಬರನ್ನು ತಂದರು... ಇಬ್ಬರನ್ನು...
ಅದನ್ನು ನೋಡಿ ನನಗೂ ಧೈರ್ಯ ಬಂತು. ಐವರು ಹೊರಬಂದರು.
ಉಳಿದಿದ್ದು ಪೈಲಟ್. ಕಾಲು ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು.

ಎಂಜಿನ್‌ನಿಂದ ಹೊಗೆ ಎದ್ದಿತು. ಹಿಂದೆ ಬನ್ನಿ ಎಂದು ಅಷ್ಟರಲ್ಲಿ ಬಂದು ತಲುಪಿದ್ದ ನಮ್ಮ ಅಧಿಕಾರಿ ಕೂಗಿದರು.
ದಾವಲಣ್ಣ ಒಳಗಿನಿಂದಲೇ ನನಗೆ ಹೇಳಿದರು:
"ಆ ಮನಷ್ಯಾ ಇನ್ನೂ ಮಾತಾಡಾಕತ್ತಾನೋ ತಮ್ಮಾ! ಮಾತಾಡಾಂವನ್ನ ಬಿಟ್ಟು ಹೆಂಗ ಬರ್ಲಿ? ಗಾಡಿ ಜಾಕ್ ತಾ... ಲಗೂ!"

ಓಡಿಹೋಗಿ ತಂದುಕೊಟ್ಟೆ.
ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಹಾರಬಾರದೆಂದು, ಬೆವರಿನಲ್ಲಿ ತೊಯ್ದ ತಮ್ಮ ಶರ್ಟನ್ನೇ ಬಿಚ್ಚಿ ಜಾಕಿಗೆ ಸುತ್ತಿದರು.
ಒಂದೊಂದೇ ತಿರುವು... ಸೀಟು ಎರಡು ಬೆರಳಿನಷ್ಟು ಮೇಲೆದ್ದಿತು.
ಕಾಲು ಬಿಡಿಸಿಕೊಂಡಿತು!
ಇಬ್ಬರೂ ಸೇರಿ ಪೈಲಟನ್ನು ಎತ್ತಿಕೊಂಡು ಓಡಿದೆವು...
ಹಿಂದೆ ಢಮ್ಮೆಂದು ಇಡೀ ವಿಮಾನ ಹೊತ್ತಿಕೊಂಡಿತು.

ಆರಕ್ಕೆ ಆರೂ ಜನ ಬದುಕಿದರು!

ದಾವಲಣ್ಣ...
ಬೆನ್ನು ಸುಟ್ಟು ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದವರು ನೀವು, ಅತ್ತವನು ನಾನು.
ಮೊದಲು ಹೆದರಿ ನಿಂತಿದ್ದಕ್ಕೆ ಕ್ಷಮೆ ಕೇಳಿದಾಗ ಏನಂದಿರಿ, ನೆನಪಿದೆಯೇ?
"ಅಂಜಿಕಿ ನನಗೂ ಇತ್ತೋ. ಖರೇ ಹೇಳ್ತೀನಿ, ಯಾರ ಮುಂದೂ ಹೇಳಬ್ಯಾಡ. ಈಗ ಒಂದ್ ಕಪ್ ಚಾ ತರಸು."
ಇವತ್ತು ಎಲ್ಲರ ಮುಂದೆ ಹೇಳುತ್ತಿದ್ದೇನೆ ಅಣ್ಣಾ. ಅಂಜಿಕೆ ಇದ್ದೂ ನೀವು ಒಳಗೆ ಹೋಗಿದ್ದಿರಿ!

ನಿಮಗೆ ಪದಕ ಕೊಟ್ಟ ದಿನ ಪೆರೇಡ್ ಮೈದಾನಕ್ಕೆ ಆ ಪೈಲಟ್ ಊರುಗೋಲಿನಲ್ಲಿ ಬಂದಿದ್ದರು.
ದೊಡ್ಡ ಹುದ್ದೆಯ ಅಧಿಕಾರಿ... ನೀವು ಹವಾಲ್ದಾರ್.
ಆದರೂ ಊರುಗೋಲು ಕಂಕುಳಲ್ಲಿ ಒತ್ತಿಹಿಡಿದು, ನಿಮಗಿಂತ ಮೊದಲು ಅವರೇ ಸೆಲ್ಯೂಟ್ ಹೊಡೆದರು.
ಇಡೀ ಮೈದಾನ ಚಪ್ಪಾಳೆ ತಟ್ಟಿತು... ನಿಲ್ಲಿಸಿ ಎಂದು ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಹೋಗಿ ಬರ್ರಿ ದಾವಲಣ್ಣ...
ನಿಮ್ಮ ಜೀವ ತಂಪಾಗಿರಲಿ, ಆತ್ಮ ನೆಮ್ಮದಿಯಿಂದಿರಲಿ.