ನಿಯೆಲೆಯ ಎರಡು ದಿನ

ನಿಯೆಲೆಯ ಮುತ್ತಜ್ಜ ಜಾಂಗಾ ದೆಂಬೆಲೆ, ಬಾನಿ ಹೊಳೆಯ ಈಚೆಗೆ ಮುಳ್ಳುಕಂಟಿ ಕಡಿದು ನಮ್ಮೂರಿನ ಮೊದಲ ಬಾವಿ ತೋಡಿದವನು. ಅವನ ಸೊಸೆ ವಸ್ಸಾ, ಮಿಡತೆ ಬಿದ್ದ ವರ್ಷ ಹೊಲ ಕಾಯಲು ಬಂದ ನಲವತ್ತು ಮಂದಿಗೆ ಒಂದೇ ಮಡಕೆಯಲ್ಲಿ ಬೇಯಿಸಿ ಬಡಿಸಿದರೂ ತಳ ಕಾಣಿಸದವಳು. ವಸ್ಸಾಳ ಸೊಸೆ ಕಾಫುನೆ ಸಾರಿಗೆ ಹುದುಗಿಸಿದ ಬೀಜದ ಸುಂಬಾಲಾ ಬಿಟ್ಟಳೆಂದರೆ ಆ ವಾಸನೆಗೆ ಹೊಳೆಯ ದೋಣಿಯವರು ಹುಟ್ಟು ನಿಲ್ಲಿಸುತ್ತಿದ್ದರು. ಆ ಕಾಫುನೆಯ ಹಿರಿಮಗಳು ನಿಯೆಲೆ. ಇಂಥ ಒಲೆಯ ಮುಂದೆ ಹುಟ್ಟಿದವಳು ಸಪ್ಪೆ ಸೊಪ್ಪು ಬೇಯಿಸಿ ಹೆಸರು ಕೆಡಿಸಿಕೊಳ್ಳಬೇಕಾಯಿತು.

ಅವಳ ಗಂಡ ಫದಿಯಾಲಾ ಕುಲಿಬಾಲಿ ಮಣ್ಣಿನ ಗೋಡೆ ಎಬ್ಬಿಸುವವನು. ಅವನ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಅವನೇ ಕಟ್ಟಿದ ಒಂದು ಮೋಟುಗೋಡೆ. ಕೇಟಾ ಮನೆತನದ ನನಗೆ ಕುಲಿಬಾಲಿಗಳನ್ನು ಅಲಸಂದೆ ಕದ್ದು ತಿನ್ನುವವರೆಂದು ಹಂಗಿಸುವುದು ಹುಟ್ಟಿನಿಂದ ಬಂದ ಹಕ್ಕು, ಅವರಿಗೆ ನಗುವುದು ಹುಟ್ಟಿನಿಂದ ಬಂದ ಕರ್ಮ. ಸಕ್ಕರೆ ಕಾಯಿಲೆಯಿಂದ ಅವನ ಕಾಲಿನ ಹುಣ್ಣು ಮಾಯದೆ ಹೋದಾಗ ಆಸ್ಪತ್ರೆಯ ನರ್ಸಮ್ಮ ಮೂರು ತಿಂಗಳು ಅವನ ಬಾಯಿಗೆ ಬೀಗ ಹಾಕಿದಳು. ಅನ್ನವಿಲ್ಲ, ಕಡಲೆಕಾಯಿ ಸಾರಿಲ್ಲ, ಮಾವಿಲ್ಲ, ಸಕ್ಕರೆ ಸುರಿದ ಚಹಾ ಇಲ್ಲ. ಒಂದು ಹಿಡಿ ಫೋನಿಯೋ, ಬೇಕಾದಷ್ಟು ಸೊಪ್ಪು, ಬೆಳಿಗ್ಗೆ ಹೊಳೆಯವರೆಗೆ ನಡಿಗೆ. ಕಿರಿಹೆಂಡತಿ ಸಾಲಿ ಆಗ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೂರು ತಿಂಗಳೂ ಒಲೆ ನಿಯೆಲೆಯ ಪಾಲಿಗೇ ಬಿತ್ತು.

ಫೋನಿಯೋ ಎಂದರೆ ಸಾಸಿವೆಗಿಂತ ಸಣ್ಣ ಕಾಳು. ಕುಟ್ಟಬೇಕು, ಕೇರಬೇಕು, ನೀರಿನ ಮೇಲೆ ನೀರು ಹಾಕಿ ಜಾಲಿಸಿ ಮರಳು ಬಿಡಿಸಬೇಕು. ಒಂದು ಹರಳು ಹಲ್ಲಿಗೆ ಸಿಕ್ಕಿತೋ, ಅಡುಗೆಯವಳ ಮಾನ ಹೋಯಿತು. ಕುಟ್ಟಿ ಕುಟ್ಟಿ ನಿಯೆಲೆಯ ಮಣಿಕಟ್ಟು ಊದಿಕೊಂಡಿತು. ಇತ್ತ ಗಂಡನ ಹುಣ್ಣು ಮಾಯಿತು, ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು. ಅದಕ್ಕೆ ಅವನು ಕೊಟ್ಟ ಬಹುಮಾನ ಒಂದೇ ಮಾತು.

"ಇವಳ ಕೈಯೂಟ ಉಂಡೂ ಉಂಡೂ ನಾನು ಮೇಕೆ ಆಗೋದೆ ಕಣೋ ಕೇಟಾ."

"ಮೇಕೆಯಾದ್ರೆ ಬಾಳಿದೆ ಬಿಡೋ. ಇಷ್ಟು ದಿನ ಅಲಸಂದೆ ತಿನ್ನೋ ಕುಲಿಬಾಲಿ ಆಗಿದ್ದೆ," ಎಂದೆ ಗೋಡೆಯ ಮೇಲಿಂದ. ಅವನು ನಕ್ಕ. ನಿಯೆಲೆ ನಗಲಿಲ್ಲ.

ಸಾಲಿ ಮಗು ಎತ್ತಿಕೊಂಡು ಬಂದಳು. ಅಡುಗೆಯ ಸರದಿ ಮೊದಲಿನಂತಾಯಿತು, ಎರಡು ದಿನ ಇವಳದು, ಎರಡು ದಿನ ಅವಳದು. ಆ ವಾರವೇ ನರ್ಸಮ್ಮ ಬೀಗ ಸಡಿಲಿಸಿದಳು.

"ನಾಲ್ಕು ದಿನಕ್ಕೊಂದು ಹೊಸ ಪದಾರ್ಥ, ಅದೂ ಒಂದೇ ಹಿಡಿ, ಮಿಕ್ಕ ದಿನ ಹಳೇ ಪಥ್ಯಾನೇ. ಎರಡು ಒಟ್ಟಿಗೆ ತಿಂದ್ರೆ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ಸೊಪ್ಪು ಬಿಡಬೇಡಿ, ನಡಿಗೆ ಬಿಡಬೇಡಿ."

ಲೆಕ್ಕ ಅಂದಿನಿಂದಲೇ ಶುರುವಾಯಿತು. ಅಂದು ಸಾಲಿಯ ಸರದಿಯ ಮೊದಲ ದಿನ. ನಾಲ್ಕು ದಿನ ಕಳೆದರೆ ಮತ್ತೆ ಸಾಲಿಯದೇ. ಕಡಲೆಕಾಯಿ ಸಾರು ಸಾಲಿಯ ಮಡಕೆಯಿಂದ ಬಂತು. ಮಾವಿನ ಹೋಳು ಸಾಲಿಯ ಕೈಯಿಂದ ಬಂತು. ಅನ್ನವೂ ಸಾಲಿಯ ಒಲೆಯಲ್ಲೇ ಬೆಂದಿತು. ನಿಯೆಲೆಯ ಎರಡು ದಿನಗಳಲ್ಲಿ ಅದೇ ಫೋನಿಯೋ, ಅದೇ ಸೊಪ್ಪು.

"ಸಾಲಿ ಕಾಲಿಟ್ಟಳು, ಗಂಡ ಚೇತರಿಸಿಕೊಂಡ," ಎಂದರು ಬಾವಿಕಟ್ಟೆಯ ಹೆಂಗಸರು. ನಿಯೆಲೆಯ ಮುತ್ತಜ್ಜ ತೋಡಿದ ಬಾವಿಯ ಕಟ್ಟೆಯಲ್ಲೇ.

ನಿಯೆಲೆ ಒರಳಿನ ಮರೆಯಿಂದ ಗಂಡನ ಬೆರಳು ನೋಡುತ್ತಿದ್ದಳು. ಸಾಲಿಯ ಊಟವಾದರೆ ಐದೂ ಬೆರಳು ನೆಕ್ಕುತ್ತಿದ್ದ. ಇವಳದಾದರೆ ನೆಟ್ಟಗೆ ಕೈ ತೊಳೆಯುತ್ತಿದ್ದ. "ಕಳೆ ಕಿತ್ತವಳು ನಾನು, ತೆನೆ ಮುರಿದವಳು ಅವಳು," ಎಂದಳಂತೆ ನನ್ನ ಹೆಂಡತಿಯ ಹತ್ತಿರ.

ಅನ್ನ ಬಂದ ಮೇಲಿನ ತನ್ನ ಸರದಿಯಲ್ಲಿ ಅವಳು ನಸುಕಿಗೇ ಎದ್ದು ಕಾಫುನೆ ಕಾಸುತ್ತಿದ್ದ ಸಜ್ಜೆ ಗಂಜಿ ಕಾಸಿದಳು, ಹುಣಸೆ ಹುಳಿ ಹಿಂಡಿ, ಧಾರಾಳವಾಗಿ ಸಕ್ಕರೆ ಸುರಿದು. ಫದಿಯಾಲಾ ಒಂದು ಸೋರೆಬುರುಡೆ ತುಂಬ ಕುಡಿದು ಇನ್ನೊಂದು ಕೇಳಿದ.

"ಹಾಂ, ಇದು ನನ್ನ ನಿಯೆಲೆ ಕೈ," ಎಂದ.

ಆ ಮಾತಿಗಾಗಿ ಮರುದಿನವೂ ಕಾಸಿದಳು. ಅಂದೇ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಸಕ್ಕರೆ ನೆಗೆದು ಕೂತಿತ್ತು.

"ಹೊಸದಾಗಿ ಏನು ತಿಂದ್ರಿ?" ಎಂದಳು ನರ್ಸಮ್ಮ.

"ಅನ್ನ," ಎಂದ ಫದಿಯಾಲಾ. ಗಂಜಿ ಅವನ ಗಂಟಲಲ್ಲೇ ಉಳಿಯಿತು. ಅನ್ನಕ್ಕೆ ಒಂದು ತಿಂಗಳ ಬಹಿಷ್ಕಾರ ಬಿತ್ತು, ಸಾಲಿಯ ಕೈಗೆ ಕೆಟ್ಟ ಹೆಸರು ಬಂತು.

ನಿಯೆಲೆಯ ಹೊಟ್ಟೆಯುರಿ ಅಲ್ಲಿಗೆ ತಣಿಯಬೇಕಿತ್ತು. ಆದರೆ ಅಂದಿನ ಸಂಜೆ, ನಿಯೆಲೆಯ ಸರದಿಯ ಸಂಜೆ, ಅವನು ಹೋಗಿ ಸಾಲಿಯ ಬಾಗಿಲಲ್ಲಿ ಮಗು ತೊಡೆಗೆ ಹಾಕಿಕೊಂಡು ಕೂತ.

"ಅಳಬೇಡ್ವೇ. ನಿನ್ನ ಕೈದೇನೂ ತಪ್ಪಿಲ್ಲ, ನನ್ನ ರಕ್ತಾನೇ ಸರಿಯಿಲ್ಲ," ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ.

ಮೂರು ತಿಂಗಳು ಕುಟ್ಟಿದರೂ ಆ ದನಿ ನಿಯೆಲೆಯ ಕಿವಿಗೆ ಬಿದ್ದಿರಲಿಲ್ಲ. ಬೈಗುಳವನ್ನಾದರೂ ತಡೆದುಕೊಂಡಾಳು, ಇದನ್ನು ತಡೆಯಲಾರದೆ ಒನಕೆ ನೆಲಕ್ಕೆ ಕುಕ್ಕಿದಳು.

"ಸಮಾಧಾನ ಮಾಡೋನು ನಿಜ ಹೇಳಿ ಮಾಡು. ಗಂಜಿಗೆ ಸಕ್ಕರೆ ಹಾಕಿದೋಳು ನಾನು. ಬುರುಡೆ ಬುರುಡೆ ಕುಡಿದೋನು ನೀನು. ಅವಳ ಅನ್ನದ ಮೇಲ್ಯಾಕೆ ಹೊರಿಸ್ತೀಯ?"

"ಕುಲಿಬಾಲಿಗಳು ಅಲಸಂದೆ ಅಷ್ಟೇ ಅಲ್ಲ, ಗಂಜೀನೂ ಕದೀತಾರೆ," ಎಂದೆ ನಾನು, ಗಾಳಿ ತಿಳಿಯಾಗಲೆಂದು. ಅಂದು ಅವನೂ ನಗಲಿಲ್ಲ.

ಮರುದಿನ ನಿಯೆಲೆಯೇ ಆಸ್ಪತ್ರೆಗೆ ನಡೆದು ಗಂಜಿಯ ಸಂಗತಿ ಒಪ್ಪಿಸಿ ಬಂದಳು. ನರ್ಸಮ್ಮ ಅನ್ನವನ್ನು ಮತ್ತೆ ಕೊಟ್ಟಳು, ಮೊದಲಿನಂತೆ ನಾಲ್ಕು ದಿನಕ್ಕೊಮ್ಮೆ, ಹಿಡಿಯಳತೆಯಲ್ಲಿ. ಫದಿಯಾಲಾ ಈಗಲೂ ಬೆಳಿಗ್ಗೆ ಹೊಳೆಗೆ ನಡೆಯುತ್ತಾನೆ. ನಿಯೆಲೆ ಮೂರು ಮಾರು ಹಿಂದೆ ಕಾವಲಿಗೆ ಹೋಗುತ್ತಾಳೆ.

ಅವಳ ಸರದಿ ಮತ್ತೆ ಬಂದ ದಿನ ಸಾಲಿ ಒರಳಿನ ಬಳಿ ಬಂದು ಒನಕೆಗೆ ಕೈ ಹಾಕಿದಳು.

"ಅಕ್ಕ, ನಿನ್ನ ಕೈ ಊದಿದೆ. ಫೋನಿಯೋ ನಾನು ಕುಟ್ತೀನಿ. ನನ್ನ ಸರದೀಲಿ ಒಂದು ದಿನ ನೀನು ತಗೋ, ಅನ್ನ ನೀನೇ ಬಡಿಸು."

"ಬಿಡು ಒನಕೆ," ಎಂದಳು ನಿಯೆಲೆ. "ನೀನು ಕೊಟ್ಟ ದಿನ ಬಡಿಸಿದ್ರೆ ಅದು ನಿನ್ನದೇ ಅನ್ನ, ನನಗೆ ಬೇಡ. ಫೋನಿಯೋ ಮುಟ್ಟಬೇಡ, ನೀನು ಮರಳು ಉಳಿಸ್ತೀಯ. ಅವನ ಹಲ್ಲಿಗೆ ಹರಳು ಸಿಕ್ರೆ ಕೆಡೋದು ಕಾಫುನೆ ಮಗಳ ಹೆಸರು. ಕೈ ಊದಿದ್ರೆ ಊದಲಿ. ಈ ಎರಡು ದಿನ ನನ್ನವು. ಹೋಗು, ನಿನ್ನ ಮಗು ಅಳ್ತಿದೆ."