ಹಾಕದೆ ಏರಿದ ಆಯಿಲ್

ಚಿಕ್ಕಮ್ಮ ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರಿಗೆ ಕೈಮುಗಿದು ನೇರ ಶೆಡ್ಡಿಗೆ ಹೋಗುತ್ತಾರೆ. ಟ್ರ್ಯಾಕ್ಟರಿನ ಇಂಜಿನ್ ತಣ್ಣಗಿರುವಾಗಲೇ ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು ಬಿಳಿ ಬಟ್ಟೆಯ ತುಂಡಿಗೆ ಒರೆಸುತ್ತಾರೆ. ಮತ್ತೆ ಅದ್ದಿ ಮಟ್ಟ ನೋಡುತ್ತಾರೆ. ಬಟ್ಟೆಯನ್ನು ತಂತಿಗೆ ಸಿಕ್ಕಿಸುತ್ತಾರೆ. ತಂತಿಯ ಮೇಲೆ ಯಾವಾಗಲೂ ದಿನಕ್ಕೊಂದರಂತೆ ವಾರದ ಏಳು ತುಂಡು. ಜ್ವರ ಬಂದ ದಿನವೂ ಇದು ತಪ್ಪಿಲ್ಲ.

ಬೀದಿಗೆಲ್ಲ ಅವರು ಚಿಕ್ಕಮ್ಮ. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆದವರು. ಕಲೆ ನೋಡಿಯೇ ಇದು ಔಷಧಿ, ಇದು ಚಹಾ ಎಂದುಬಿಡುತ್ತಿದ್ದರು. ನಿವೃತ್ತಿಯಾದ ವಾರವೇ ಹತ್ತೊಂಬತ್ತು ವರ್ಷ ಹಳೆಯದಾದ ಪುಟ್ಟ ಟ್ರ್ಯಾಕ್ಟರ್ ಮನೆಗೆ ತಂದರು.

"ನಿವೃತ್ತಿ ಆಗಿದ್ದು ನಿನಗೋ, ಇದಕ್ಕೋ ಅಕ್ಕಾ?" ಎಂದು ತಮ್ಮ ನಕ್ಕ.

ಅವರು ಅದಕ್ಕೆ 'ಕುಳ್ಳ' ಎಂದು ಹೆಸರಿಟ್ಟರು. ದೊಡ್ಡ ಟ್ರ್ಯಾಕ್ಟರ್ ನುಗ್ಗಲಾಗದ ಸಾಲುಗಳಲ್ಲಿ ಕುಳ್ಳ ಸಲೀಸಾಗಿ ಹೋಗಿಬರುತ್ತಿದ್ದ. ಗಿಡಗಳ ನರ್ಸರಿಯ ಯಜಮಾನರು ಕೊಡುವ ಉಳುಮೆ ಕೆಲಸವೇ ಚಿಕ್ಕಮ್ಮನ ವರ್ಷದ ಅನ್ನ. ಆದರೆ ಹೋದ ಸಲ ಬೆಲ್ಟ್ ಹರಿದು ಕುಳ್ಳ ಅರ್ಧದಲ್ಲೇ ನಿಂತಿದ್ದ.

"ಇನ್ನೊಂದ್ಸಲ ನಡುವೆ ನಿಂತ್ರೆ ಬೇರೆಯವರನ್ನ ಕರೀತೀನಿ ಕಣಮ್ಮಾ" ಎಂದಿದ್ದರು ಯಜಮಾನರು.

ಈ ಸಲ ಸಸಿಗಳ ಲಾರಿ ಮರುದಿನವೇ ಬರುವುದಿತ್ತು. ಸಂಜೆಯೊಳಗೆ ನಲವತ್ತು ಸಾಲಿಗೆ ರೋಟವೇಟರ್ ಹೊಡೆದು ಮಣ್ಣು ಹದ ಮಾಡಬೇಕು. ಆ ಬೆಳಿಗ್ಗೆಯೇ ಕಡ್ಡಿಯಲ್ಲಿ ಆಯಿಲ್ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಬಟ್ಟೆಯ ಮೇಲೆ ಕಪ್ಪು ಕಲೆಯ ಸುತ್ತ ತೆಳು ಹಳದಿ ಅಂಚು ಹರಡುತ್ತಿತ್ತು. ಉಳಿದ ಆರು ತುಂಡುಗಳಲ್ಲಿ ಅದಿರಲಿಲ್ಲ.

ಚಿಕ್ಕಮ್ಮ ಕರೆದದ್ದಕ್ಕೆ ಬೀದಿ ಕೊನೆಯ ಮೆಕ್ಯಾನಿಕ್ ಹಲ್ಲುಜ್ಜುತ್ತಲೇ ಬಂದು ಕಡ್ಡಿ ನೋಡಿದ. "ಇಳಿದ್ರೆ ಚಿಂತೆ ಚಿಕ್ಕಮ್ಮಾ, ಏರಿದ್ರೆ ಅದೃಷ್ಟ! ಹೊರಡಿ, ಸಂಜೆ ನೋಡೋಣ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತೀಯಲ್ಲೋ! ನಾನು ಹಾಕಿಲ್ಲ, ನೀನು ಹಾಕಿಲ್ಲ, ಹೇಗೆ ಏರುತ್ತೆ? ತಗೋ, ಈ ಬಟ್ಟೆ ಮೂಸು."

ಮೂಸಿದವನ ನಗು ಇಳಿಯಿತು. "ಡೀಸೆಲ್ಲು!"

ಡೀಸೆಲ್ ಪಂಪಿನೊಳಗಿನ ರಬ್ಬರ್ ಹಾಳೆ ಸೀಳಿ, ಡೀಸೆಲ್ ಹನಿಹನಿಯಾಗಿ ಆಯಿಲ್‌ಗೆ ಇಳಿಯುತ್ತಿತ್ತು. ನೀರಿನಂತೆ ತೆಳುವಾದ ಆ ಆಯಿಲ್‌ನಲ್ಲೇ ಓಡಿಸಿದ್ದರೆ ಇಂಜಿನ್ ಸಾಲಿನ ನಡುವೆಯೇ ಕಚ್ಚಿಕೊಂಡು ನಿಂತುಬಿಡುತ್ತಿತ್ತು.

ಚಿಕ್ಕಮ್ಮ ಫೋನ್ ಮಾಡಿದರು. "ಹನ್ನೆರಡಕ್ಕೆ ಬರ್ತೀನಿ ಯಜಮಾನ್ರೇ."

"ಕತ್ತಲಾಗೋದ್ರೊಳಗೆ ಮುಗೀದಿದ್ರೆ ಇದೇ ಕೊನೆ" ಎಂದು ಅವರು ಫೋನ್ ಇಟ್ಟರು.

ಪೇಟೆಯ ಅಂಗಡಿಯಿಂದ ಅಂಗೈಯಗಲದ ಹೊಸ ರಬ್ಬರ್ ಹಾಳೆ ಬಂತು. ಮೆಕ್ಯಾನಿಕ್ ಮುಖ ತೊಳೆಯುವುದನ್ನೂ ಮರೆತು ಪಂಪ್ ಬಿಚ್ಚಿ ಕಟ್ಟಿದ. ಹಳೆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಗುರುತಿನವರೆಗೆ ಹೊಸದು ತುಂಬಿದರು. ಸರಿಯಾಗಿ ಹನ್ನೆರಡಕ್ಕೆ ಕುಳ್ಳ ಮೊದಲ ಸಾಲಿಗಿಳಿದ. ಚಿಕ್ಕಮ್ಮ ನೀರು ಕುಡಿಯಲೂ ಕೆಳಗಿಳಿಯಲಿಲ್ಲ. ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ನಲವತ್ತನೆಯ ಸಾಲು ಮುಗಿದಾಗ ಕಾಂಪೌಂಡ್ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು! ಕೆಲಸದ ಹೆಂಗಸರು ಚಪ್ಪಾಳೆ ತಟ್ಟಿದರು.

"ದೇವರು ಕಣ್ಣು ಕೊಟ್ಟಿದ್ದಾನೆ, ನೋಡಿದೆ ಅಷ್ಟೆ" ಎಂದರು ಚಿಕ್ಕಮ್ಮ. ಮುಖದ ತುಂಬ ಮಾತ್ರ ನಗು ಹಬ್ಬಿತ್ತು.

ಯಜಮಾನರು ಮಣ್ಣನ್ನು ಹಿಡಿಯಲ್ಲಿ ಪುಡಿ ಮಾಡಿ ನೋಡಿದರು. "ಬರೋ ವರ್ಷವೂ ನೀವೇ. ಒಂದು ಮಾತು, ಕುಳ್ಳನ್ನ ನಮ್ಮ ಶೆಡ್ಡಲ್ಲೇ ಬಿಡಿ. ನಮ್ಮ ಡ್ರೈವರ್ ದಿನಾ ಆಯಿಲ್ ನೋಡ್ತಾನೆ. ನೀವು ಬೆಳಿಗ್ಗೆ ಆರಾಮಾಗಿ ಮಲಗಬಹುದು."

ಚಿಕ್ಕಮ್ಮ ಸೀಟಿಗೆ ಹತ್ತಿ ಕೀಲಿ ತಿರುಗಿಸಿದರು.

"ಬೇಡ ಯಜಮಾನ್ರೇ. ಅವನು ಕಡ್ಡಿ ನೋಡ್ತಾನೆ, ಬಟ್ಟೆ ನೋಡಲ್ಲ."